ಎರಡು ವರ್ಷದಿಂದ ಗೋಡೆ ಮೇಲಿರುವ ರಾಕ್‌ವೂಲ್ ಪ್ಯಾನೆಲ್‌ಗಳು

ಕಣ್ಣು ಕಾಣದ ವಿದ್ಯಾರ್ಥಿಗಳಿಗಾಗಿ ಮನೆಯಲ್ಲೇ ಪಠ್ಯ ಓದಿ ರೆಕಾರ್ಡ್ ಮಾಡುತ್ತೇನೆ. ಕೋಣೆ ಹತ್ತಡಿಗೆ ಹನ್ನೊಂದಡಿ. ಮೇಲೆ ಆರ್‌ಸಿಸಿ, ಕೆಳಗೆ ಟೈಲ್ಸ್. ಚಪ್ಪಾಳೆ ತಟ್ಟಿದರೆ ಸದ್ದು ಟಂಯ್ ಅಂತ ಬಾಲ ಎಳೆಯುತ್ತಿತ್ತು. ಪರೀಕ್ಷೆ ಹತ್ತಿರ ಬಂದಾಗ ಮಕ್ಕಳು ಒಂದೂವರೆ ಪಟ್ಟು ವೇಗದಲ್ಲಿ ಕೇಳುತ್ತಾರೆ. ಆಗ ಒಂದು ಅಕ್ಷರದ ಬಾಲ ಮುಂದಿನ ಅಕ್ಷರದ ಮೇಲೆ ಬೀಳುತ್ತದೆ, ಒತ್ತಕ್ಷರ ಮುಳುಗಿಹೋಗುತ್ತದೆ. ಒಬ್ಬ ಹುಡುಗಿ ಫೋನ್ ಮಾಡಿ, "ಅದು ಸತ್ವಾನಾ, ಸತ್ಯಾನಾ ಮೇಡಂ?" ಅಂತ ಕೇಳಿದಳು. ಅವತ್ತು ತುಂಬಾ ಬೇಜಾರಾಯಿತು.

ಈ ಸದ್ದು ಹೀರಲಿ ಅಂತ ಮೊದಲು ಕೊಂಡಿದ್ದು ಒಂದಿಂಚಿನ ಫೋಮ್ ಹಾಳೆ. ಸ, ಶಗಳ ಚೂಪು ಕಡಿಮೆಯಾಯಿತು, ಗುಂಯ್ ಅನ್ನೋದು ಹಾಗೇ ಉಳಿಯಿತು. ಡಬ್ಬದೊಳಗೆ ಕೂತು ಮಾತಾಡಿದ ಹಾಗೆ. 1000 ಹರ್ಟ್ಜ್ (ಸೆಕೆಂಡಿಗೆ 1000 ಕಂಪನ) ಸದ್ದಿನ ಅಲೆ ಸುಮಾರು 34 ಸೆಂ.ಮೀ. ಉದ್ದ ಇದ್ದರೆ, ಗುಂಯ್ ಅನ್ನೋ 200 ಹರ್ಟ್ಜ್‌ನದು 1.7 ಮೀಟರ್. ಅಷ್ಟುದ್ದದ ಅಲೆಗೆ ಒಂದಿಂಚು ಫೋಮ್ ಲೆಕ್ಕಕ್ಕೇ ಇಲ್ಲ.

ಆಮೇಲೆ ತರಿಸಿದ್ದು ಬಟ್ಟೆ ಸುತ್ತಿದ ರಾಕ್‌ವೂಲ್ ಪ್ಯಾನೆಲ್. ರಾಕ್‌ವೂಲ್ ಅಂದರೆ ಕಲ್ಲು ಕರಗಿಸಿ ತೆಗೆದ ಎಳೆಗಳ ಉಣ್ಣೆ. ನಾಲ್ಕಡಿಗೆ ಎರಡಡಿ, ಎರಡಿಂಚು ದಪ್ಪ, ಘನ ಮೀಟರಿಗೆ 48 ಕೆ.ಜಿ. ಸಾಂದ್ರತೆಯದು. ಒಟ್ಟು ಆರು. ಗೋಡೆಗೆ ಅಂಟಿಸದೆ ಎರಡಿಂಚು ಬಿಟ್ಟು ನೇತುಹಾಕಿದೆ. ಗಾಳಿ ಅಲುಗಾಡುವ ಕಡೆ ಉಣ್ಣೆ ಇದ್ದರೇ ಅದು ಸದ್ದನ್ನು ಹೀರೋದು. ಗೋಡೆಗೆ ತಾಗಿದ ಗಾಳಿ ಅಲುಗುವುದೇ ಇಲ್ಲ. ಹಾಗಾಗಿ ಈ ಸಂದು ಬಿಟ್ಟಿದ್ದಕ್ಕೆ ಬಿಡಿಗಾಸೂ ಖರ್ಚಿಲ್ಲ, ಲಾಭ ಮಾತ್ರ ಜಾಸ್ತಿ. ಮಳೆಗಾಲದಲ್ಲಿ ಗೋಡೆಯ ತೇವವೂ ಬಟ್ಟೆಗೆ ಹತ್ತಲಿಲ್ಲ.

ಎರಡು ಪ್ಯಾನೆಲ್ ನನ್ನ ಬೆನ್ನ ಹಿಂದಿವೆ. ಮೈಕ್ ನೋಡೋದು ಆ ಗೋಡೆಯನ್ನೇ ಅಲ್ವಾ! ಎಡಬಲಕ್ಕೆ ಒಂದೊಂದು, ತಲೆ ಮೇಲೆ ಒಂದು, ಎದುರಿಗೆ ಒಂದು. ಮೈಕ್ ಬಾಯಿಂದ ಒಂದು ಗೇಣು ದೂರ. ಈಗ ಚಪ್ಪಾಳೆ ತಟ್ಟಿದರೆ 'ಟಪ್' ಅಂತ ಅಲ್ಲೇ ನಿಲ್ಲುತ್ತದೆ. ಅದೇ ಹುಡುಗಿ ಈ ಸಲ ಅರ್ಥಶಾಸ್ತ್ರವನ್ನು ಎರಡು ಪಟ್ಟು ವೇಗದಲ್ಲಿ ಕೇಳಿದಳಂತೆ.

ದೂರುಗಳೂ ಇವೆ. ಒಂದು ಪ್ಯಾನೆಲ್‌ನ ಬಟ್ಟೆ ಮೂಲೆಯಲ್ಲಿ ಬಿಚ್ಚಿಕೊಂಡೇ ಬಂತು. ಎಳೆ ತಾಗಿ ಕೈಯೆಲ್ಲ ತುರಿಕೆ. ಮಾರಿದವರು ಬದಲಿಸಿಕೊಡಲಿಲ್ಲ, ನಾನೇ ದಪ್ಪ ಕಾಟನ್ ಹೊಲಿದೆ. ಇನ್ನೊಂದು ಮಾತು, ಇವು ಹೊರಗಿನ ಸದ್ದನ್ನು ತಡೆಯಲ್ಲ. ಪಕ್ಕದ ಮನೆ ಕುಕ್ಕರ್ ಕೂಗಿದರೆ ಇವತ್ತಿಗೂ ಓದು ನಿಲ್ಲಿಸುತ್ತೇನೆ.

ದುಡ್ಡು ಹಾಕುವ ಮುಂಚೆ ದಪ್ಪ ರಜಾಯಿ ಅಥವಾ ಕಂಬಳಿಯನ್ನು ಎರಡು ಮಡಿಕೆ ಮಾಡಿ ಬೆನ್ನ ಹಿಂದೆ ನೇತುಹಾಕಿ ಒಂದು ಪುಟ ಓದಿ. ನಿಮ್ಮ ಕೆಲಸಕ್ಕೆ ಅಷ್ಟೇ ಸಾಕಾದರೆ ಪ್ಯಾನೆಲ್ ಕೊಳ್ಳಲೇಬೇಡಿ.