ಗಾಂಧಿ ಬಜಾರ್ ಹತ್ರದ ಹಾಳೆ ತಟ್ಟೆ ಅಂಗಡಿ, ಜೊತೆಗೆ ಸರ್ಕಾರದ ಸೋಷಿಯಲ್ ಮೀಡಿಯಾ ಪೋಸ್ಟ್‌ಗಳ ವಿಷ್ಯ

ಮಗನ ನಾಮಕರಣಕ್ಕೆ ಮನೇಲೇ ಊಟ, 80 ಜನ, ಪ್ಲಾಸ್ಟಿಕ್ ತಟ್ಟೆ ಬೇಡವೇ ಬೇಡ ಅಂತ ಹಟ ಹಿಡಿದಿದ್ದೆ. ಗಾಂಧಿ ಬಜಾರ್ ಹತ್ರ ಅಡ್ಡರಸ್ತೇಲಿರೋ ಈ ಪುಟ್ಟ ಅಂಗಡೀನ ಅತ್ತೆ ತೋರಿಸಿಕೊಟ್ರು. ಅಡಿಕೆ ಹಾಳೆ ತಟ್ಟೆ, ದೊನ್ನೆ, ಮುತ್ತುಗದ ಎಲೆ, ಬಟ್ಟೆ ಚೀಲ ಸಿಗತ್ತೆ, ಸ್ಟೀಲ್ ತಟ್ಟೆ ಲೋಟ ಬಾಡಿಗೆಗೂ ಕೊಡ್ತಾರೆ.

10 ಇಂಚಿನ ಹಾಳೆ ತಟ್ಟೆ ಗಟ್ಟಿಯಾಗಿದೆ, ಬಿಸಿ ಅನ್ನ ಸಾರು ಕಲಸಿದ್ರೂ ಸೋರ್ಲಿಲ್ಲ. ಒಂದು ಕಟ್ಟಲ್ಲಿ ನಾಲ್ಕೈದಕ್ಕೆ ಬೂಷ್ಟು ಹಿಡಿದಿತ್ತು, ವಾಪಸ್ ತಗೊಂಡು ಹೋದ್ರೆ ಒಂದು ಮಾತೂ ಆಡ್ದೆ ಪೂರ್ತಿ ಕಟ್ಟೇ ಬದಲಾಯಿಸಿಕೊಟ್ರು. ಪೇಪರ್ ಲೋಟ ಕೇಳಿದ್ದಕ್ಕೆ ಯಜಮಾನ್ರು "ಅದರ ಒಳಗಡೆ ಪ್ಲಾಸ್ಟಿಕ್ ಲೇಪ ಇರತ್ತಮ್ಮಾ, ಸ್ಟೀಲ್ ಲೋಟಾನೇ ತಗೊಂಡ್ಹೋಗಿ" ಅಂದ್ರು, ನನಗೆ ಅವರ ಮೇಲೆ ನಂಬಿಕೆ ಬಂದಿದ್ದೇ ಅಲ್ಲಿ.

ಲೋಟ ಎಣಿಸ್ತಾ ಮಾತು ಶುರುವಾಯ್ತು. ಗೋಡೆ ಮೇಲೆ ಸರ್ಕಾರದ ಹಳೇ ಪೋಸ್ಟ್ ಒಂದನ್ನ ಪ್ರಿಂಟ್ ತೆಗೆದು ಅಂಟಿಸಿದಾರೆ, 2022ರ ಜುಲೈ 1ರಿಂದ ಏನೇನು ಬಂದ್ ಅಂತ, ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಸ್ಟ್ರಾ, ಅಲಂಕಾರದ ಥರ್ಮಾಕೋಲ್, ಸ್ವೀಟ್ ಬಾಕ್ಸ್‌ಗೆ ಸುತ್ತೋ ಪ್ಲಾಸ್ಟಿಕ್ ಕೂಡ. ನಮ್ಮ ರಾಜ್ಯದಲ್ಲಿ 2016ರಲ್ಲೇ ನಿಷೇಧ ಬಂದಿತ್ತು, ಆದ್ರೆ ಛತ್ರದವರು ಅಡುಗೆ ಕಂಟ್ರಾಕ್ಟ್‌ನವರು ಇವರಿಗೆ ತಾವಾಗೇ ಫೋನ್ ಮಾಡಿದ್ದು ಈ ಲಿಸ್ಟ್ ವಾಟ್ಸಾಪಲ್ಲಿ ಓಡಾಡಿದ ವಾರಾನೇ ಅಂತೆ. ಅದ್ರಲ್ಲಿ ವಸ್ತು ಹೆಸರಿತ್ತು, ತಾರೀಖಿತ್ತು. ಆ ಬೇಡಿಕೆ ನಂಬಿ ಸಾಲ ಮಾಡಿ ಸ್ಟಾಕ್ ತುಂಬಿದ್ರು, ಆಮೇಲೆ ಅವರ ಫೋನಿಗೆ ಬರ್ತಿದ್ದ ಪೋಸ್ಟ್‌ಗಳಲ್ಲಿ ಬರೀ ಪರಿಸರ ಉಳಿಸಿ ಅನ್ನೋ ಘೋಷಣೆ, ಅಷ್ಟೊತ್ತಿಗೆ ತಳ್ಳುಗಾಡಿಗಳಲ್ಲಿ ತೆಳು ಕವರ್ ವಾಪಸ್ ಬಂದಿತ್ತು, ಫೋನ್ ನಿಂತೋಯ್ತು, ಸ್ಟಾಕ್ ಎರಡು ಮಳೆಗಾಲ ಗೋಡೌನಲ್ಲಿ ಕೂತು ಅರ್ಧಕ್ಕರ್ಧ ಹಾಳಾಯ್ತು. ಕೇಳಿ ಹೊಟ್ಟೆ ಉರೀತು ನಂಗೆ.

ಇನ್ನೊಂದು, ಗೊಬ್ಬರ ಆಗೋ ಕ್ಯಾರಿ ಬ್ಯಾಗ್. 120 ಮೈಕ್ರಾನ್‌ಗಿಂತ (ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ತೆಳು ಇರೋ ಪ್ಲಾಸ್ಟಿಕ್ ಚೀಲ ಬಂದ್ ಅನ್ನೋದು ಎಲ್ಲರಿಗೂ ತಲುಪಿದೆ, ಆದ್ರೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಸರ್ಟಿಫಿಕೇಟ್ ಇರೋ ಈ ಚೀಲಕ್ಕೆ ಆ ದಪ್ಪದ ನಿಯಮ ಇಲ್ಲ ಅನ್ನೋದು ತಲುಪಿಲ್ಲ. "ಇದೂ ಪ್ಲಾಸ್ಟಿಕ್ಕೇ ಅಲ್ವಾ" ಅಂತ ಗಿರಾಕಿಗಳು ಜಗಳಕ್ಕೇ ಬರ್ತಾರಂತೆ, ಪಾಪ ಸರ್ಟಿಫಿಕೇಟ್ ಜೆರಾಕ್ಸ್ ಗಲ್ಲಾ ಮೇಲೇ ಇಟ್ಕೊಂಡಿದಾರೆ.

ಇಲಾಖೆಗಳ ಪೇಜ್ ನೋಡ್ಕೊಳ್ಳೋರು ಯಾರಾದ್ರೂ ಇದನ್ನ ಓದಿದ್ರೆ ದಯವಿಟ್ಟು ಕೇಳಿ, ಯಾವ ವಸ್ತು ಬೇಡ, ಅದರ ಬದಲು ಏನು ತಗೋಬೇಕು ಅಂತ ನೇರವಾಗಿ ಕನ್ನಡದಲ್ಲಿ ಹಾಕಿ, ಸ್ವಲ್ಪ ಮುಂಚೇನೇ ಹಾಕಿ. ಯಜಮಾನ್ರು ಹೇಳಿದ್ದು ಇದೇ, "ಹಾಳೆ ಆರಿಸಿ ಒಣಗಿಸೋದು ಬೇಸಿಗೇಲಿ, ಪೋಸ್ಟ್ ನೋಡಿ ಜನ ಬರೋದು ಗಣೇಶನ ಹಬ್ಬದ ಹಿಂದಿನ ವಾರ, ಆಗ ನಾನು ಎಲ್ಲಿಂದ ತರ್ಲಿ ನೋಡಮ್ಮಾ."

ಪಾರ್ಕಿಂಗ್ ಇಲ್ಲ, ಆಟೋದಲ್ಲಿ ಹೋಗಿ. ಸ್ಟೀಲ್ ಪಾತ್ರೆಗೆ ಡೆಪಾಸಿಟ್ ಕೊಡ್ಬೇಕು, ತೊಳೆದು ಮಾರನೇ ದಿನ ಬೆಳಿಗ್ಗೆ ಒಪ್ಪಿಸ್ಬೇಕು. ನೂರರ ಮೇಲೆ ಬೇಕಿದ್ರೆ ಎರಡು ದಿನ ಮುಂಚೆ ಹೇಳಿ, ಎಣಿಸಿ ಕಟ್ಟಿ ಇಟ್ಟಿರ್ತಾರೆ.