ಕ್ರಷ್ ಅಂದ್ರೆ ಜಜ್ಜುವುದಂತೆ! 199 ರೂಪಾಯಿಯ ಡಿಕ್ಷನರಿ ಆ್ಯಪ್

ಮೊದಲೇ ಹೇಳಿಬಿಡ್ತೇನೆ, ಆ್ಯಪ್ ಹೆಸರು ಬರೆಯುವುದಿಲ್ಲ. ಇಂಗ್ಲಿಷ್-ಕನ್ನಡ ಡಿಕ್ಷನರಿ. ವರ್ಷಕ್ಕೆ 199 ರೂಪಾಯಿ ಕಟ್ಟಿದರೆ ಜಾಹೀರಾತು ಇಲ್ಲ, ಪ್ರತಿ ಪದಕ್ಕೂ ಉದಾಹರಣೆ ವಾಕ್ಯ ಉಂಟು ಅಂತ ಹಾಕಿದ್ದರು. ಮೊಮ್ಮಗಳ ಮಾತಿನಲ್ಲಿ ಅರ್ಧ ಇಂಗ್ಲಿಷೇ ಇರುತ್ತದೆ, ನನಗೆ ತಿಳಿಯಲ್ಲ ಅಂತ ಅಮ್ಮ ಗೊಣಗುತ್ತಿದ್ದರು. ಅವರ ಫೋನಿಗೇ ಹಾಕಿಕೊಟ್ಟೆ.

ಮೂರನೇ ದಿನಕ್ಕೇ ಎಡವಟ್ಟು. ಪಿಯುಸಿ ಓದುವ ಮಗಳು ಫೋನಿನಲ್ಲಿ ಗೆಳತಿಗೆ "ಅವ್ನು ನನ್ ಕ್ರಷ್ ಕಣೇ" ಅಂದದ್ದು ಅಮ್ಮನ ಕಿವಿಗೆ ಬಿತ್ತು. ಆ್ಯಪಿನಲ್ಲಿ ಹುಡುಕಿದರೆ ಬಂದದ್ದು: ಜಜ್ಜು, ಹಿಂಡು, ಪುಡಿ ಮಾಡು, ಅರೆ. ನಾವು ಮಂಡ್ಯದವರು. ಇಲ್ಲಿ ಕ್ರಷಿಂಗ್ ಅಂದರೆ ಫ್ಯಾಕ್ಟರಿಯಲ್ಲಿ ಕಬ್ಬು ಅರೆಯುವುದು, 1933ರಲ್ಲಿ ಮೈಷುಗರ್ ಸಕ್ಕರೆ ಕಾರ್ಖಾನೆ ಬಂದಾಗಿನಿಂದ ಊರಿಗೆ ಗೊತ್ತಿರುವ ಕ್ರಷ್ ಅದೇ. "ಏನೋ, ನಿನ್ ಮಗಳು ಯಾವನನ್ನೋ ಅರೀತಾಳಂತೆ" ಅಂತ ಅಮ್ಮ ಅಡುಗೆಮನೆಯಿಂದಲೇ ಕೂಗಿದಾಗ ನಗಬೇಕೋ, ಮಗಳನ್ನು ಕರೆದು ಅವನ್ಯಾರು ಅಂತ ವಿಚಾರಿಸಬೇಕೋ ಗೊತ್ತಾಗಲಿಲ್ಲ.

ಕೆಳಗೆ ಎಳೆದು ನೋಡಿದೆ. ಕೊನೆಯಲ್ಲಿ ಒಂದು 'ವ್ಯಾಮೋಹ' ಇತ್ತು. ವ್ಯಾಮೋಹ ಅಂದರೆ ನಮಗೆ ನೆನಪಾಗುವುದು ಪುತ್ರವ್ಯಾಮೋಹ, ಅದೂ ಎಲೆಕ್ಷನ್ ಟಿಕೆಟ್ ಹಂಚುವಾಗ! ಇನ್ನು ದುಡ್ಡು ಕೊಟ್ಟು ತಗೊಂಡ ಉದಾಹರಣೆ ವಾಕ್ಯ: "ನಾನು ನನ್ನ ಶಿಕ್ಷಕರ ಮೇಲೆ ಜಜ್ಜುವಿಕೆಯನ್ನು ಹೊಂದಿದ್ದೆ." ಪೊಲೀಸ್ ಸ್ಟೇಷನ್ನಿನಲ್ಲಿ ಬರೆದುಕೊಡುವ ಹೇಳಿಕೆ ಥರ ಇದೆ. ಮೆಷಿನ್ ಅನುವಾದ ಮಾಡಿದ್ದನ್ನು ಯಾರೂ ಒಮ್ಮೆ ಓದಿ ನೋಡಿಲ್ಲ ಅನ್ನುವುದು ಗ್ಯಾರಂಟಿ.

ಈ ಪದಕ್ಕೆ ಡಿಕ್ಷನರಿ ಹೇಳಬೇಕಿದ್ದದ್ದು ಜಾಸ್ತಿ ಏನಿಲ್ಲ. ಕ್ರಷ್ ಅಂದರೆ ಒಬ್ಬರ ಮೇಲೆ ಸುಮ್ನೆ ಮನಸ್ಸಾಗುವುದು. ಎಷ್ಟೋ ಸಲ ಆ ಕಡೆಯವರಿಗೆ ಗೊತ್ತೇ ಇರುವುದಿಲ್ಲ, ಸ್ವಲ್ಪ ದಿನಕ್ಕೆ ತಾನಾಗಿ ಇಳಿದೂ ಹೋಗಬಹುದು. ಲವ್ ಅಷ್ಟು ಭಾರ ಇಲ್ಲ. ಆ ಭಾವನೆಗೂ ಕ್ರಷ್ ಅಂತಾರೆ, ಆ ಮನುಷ್ಯನಿಗೂ ಕ್ರಷ್ ಅಂತಾರೆ. ಭಾವನೆ ಅಂದಾಗ ಇಂಗ್ಲಿಷಿನಲ್ಲಿ ಪಕ್ಕದಲ್ಲಿ 'ಆನ್' ಬರಬೇಕು, ಐ ಹ್ಯಾವ್ ಎ ಕ್ರಷ್ ಆನ್ ಹಿಮ್ ಅಂತ. ಕಲಿಯುವವರು ತಪ್ಪುವುದೇ ಅಲ್ಲಿ, ಅದರ ಬಗ್ಗೆ ಆ್ಯಪಿನಲ್ಲಿ ಒಂದು ಸಾಲೂ ಇಲ್ಲ.

ಬೇಜಾರಾದದ್ದು ಏನೆಂದರೆ, ಕನ್ನಡದಲ್ಲಿ ಇದಕ್ಕೆ ಹತ್ತಿರದ ಪದ ಇದೆ: ಮರುಳು. ಅವನ ನಗುವಿಗೆ ಮರುಳಾದಳು ಅಂತೀವಲ್ವಾ? ಜನ ಮರುಳೋ ಜಾತ್ರೆ ಮರುಳೋ ಅನ್ನುವ ಮರುಳೂ ಇದೇ, ಪೆದ್ದುತನವೂ ಪ್ರೀತಿಯೂ ಒಂದೇ ಪದದಲ್ಲಿ. ಇಂಗ್ಲಿಷಿನದೂ ಅದೇ ಕಥೆ. ಮೋಹಕ್ಕೆ ಅಲ್ಲಿ ಹೇಳುವ ಇನ್‌ಫ್ಯಾಚುಯೇಷನ್ ಹುಟ್ಟಿದ್ದು ಪೆದ್ದ ಅನ್ನುವ ಅರ್ಥದ ಲ್ಯಾಟಿನ್ ಪದದಿಂದ, ಈಗ ಅಕ್ಕರೆಗೆ ಬಳಸುವ ಫಾಂಡ್ ಅಂದರೂ ಹಿಂದೆ ಪೆದ್ದ ಅಂತಲೇ ಇತ್ತು. ಆ್ಯಪ್ ಮಾಡಿದವರು ಮರುಳು ಅಂತ ಒಂದು ಪದ ಸೇರಿಸಿದ್ದರೆ ನಮ್ಮಮ್ಮ ಹೆದರುತ್ತಲೇ ಇರಲಿಲ್ಲ. ಆದರೂ 'ಅವನು ನನ್ನ ಮರುಳು' ಅನ್ನುವುದಕ್ಕೆ ಆಗಲ್ಲ, ಒಪ್ಪುತ್ತೇನೆ. ಮನುಷ್ಯನಿಗೆ ಕ್ರಷ್ ಅಂತಲೇ ಇರಲಿ, ಬಸ್ಸು ಕಾರು ಬಂದ ಹಾಗೆ ಅದೂ ಬಂದಿದೆ.

ದುಡ್ಡು ಕೊಡುವ ಮೊದಲು 'ಅಲರ್' ನೋಡಿ. ವಿ. ಕೃಷ್ಣ ಅವರು ದಶಕಗಳ ಕಾಲ ಕೂತು ಮಾಡಿದ ಕನ್ನಡ-ಇಂಗ್ಲಿಷ್ ನಿಘಂಟು, 2019ರಿಂದ ಎಲ್ಲರಿಗೂ ಉಚಿತ, ಒಂದೂವರೆ ಲಕ್ಷ ಪದ ಇದೆ. ಕನ್ನಡದಿಂದ ಇಂಗ್ಲಿಷಿಗೆ ಹೋಗುವ ನಿಘಂಟು ಆದ್ದರಿಂದ ಕ್ರಷ್‌ಗೆ ನೇರ ಉತ್ತರ ಬೇಕು ಅನ್ನುವವರಿಗೆ ಇದು ಆಗಿಬರಲ್ಲ, ನಮಗೆ ಹೊಳೆದ ಕನ್ನಡ ಪದ ಸರಿಯೋ ಅಂತ ತಾಳೆ ನೋಡಿಕೊಳ್ಳಲು ನಾನು ಬಳಸುತ್ತೇನೆ.

ನಮ್ಮ 199ರ ಆ್ಯಪಿಗೆ ಎರಡು ಸ್ಟಾರ್. ಉಚ್ಚಾರಣೆ ಸ್ಪಷ್ಟವಾಗಿದೆ, ನೆಟ್ ಇಲ್ಲದಿದ್ದರೂ ನಡೆಯುತ್ತದೆ. ಮುಂದಿನ ವರ್ಷ ದುಡ್ಡು ತಾನಾಗಿ ಕಟ್ ಆಗದ ಹಾಗೆ ಸೆಟ್ಟಿಂಗ್ ಬದಲಾಯಿಸಿದ್ದೇನೆ. ತೆಗೆದೇ ಹಾಕೋಣ ಅಂದರೆ ಅಮ್ಮ ಬಿಡುತ್ತಿಲ್ಲ, ಅಕ್ಷರ ದೊಡ್ಡದಾಗಿ ಕಾಣುತ್ತದಂತೆ.