ಗಾರೆ ವರ್ಕ್‌ಶಾಪ್: ಕೈ ಉರಿದ್ರೂ ದುಡ್ಡು ವೇಸ್ಟ್ ಆಗ್ಲಿಲ್ಲ

ಬಿ.ಆರ್ಕ್ ಮುಗ್ಸಿ ಹಳೇ ಕಟ್ಟಡ ಉಳಿಸೋ ಕೆಲಸಕ್ಕೇ ಹೋಗ್ಲಾ ಬೇಡ್ವಾ ಅಂತ ಡೌಟಲ್ಲಿದ್ದೆ, ಅದಕ್ಕೇ ಮೈಸೂರಲ್ಲಿ ಎರಡು ದಿನದ ಸುಣ್ಣದ ಗಾರೆ ವರ್ಕ್‌ಶಾಪ್‌ಗೆ ಸೇರ್ಕೊಂಡೆ. ಮೊದಲ್ನೇ ದಿನ ಬರೀ ಪಿಪಿಟಿ, ಹಳೇ ಕಟ್ಟಡ, ಪರಂಪರೆ ಉಳಿಸೋ ಸಂಸ್ಥೆ ಇಂಟ್ಯಾಕ್ ಶುರುವಾಗಿದ್ದು 1984, ಹಂಪಿ ಯುನೆಸ್ಕೋ ಪಟ್ಟಿ ಸೇರಿದ್ದು 1986, ಇವೆಲ್ಲಾ ಗೂಗಲ್ ಮಾಡಿದ್ರೂ ಸಿಗತ್ತೆ ಬಿಡಿ. ಎರಡನೇ ದಿನ ಮೇಸ್ತ್ರಿ ಬಂದ್ರು ನೋಡಿ, ಅರಳಿಸಿದ ಸುಣ್ಣ, ಮರಳು, ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಎಲ್ಲಾ ನಮ್ ಕೈಲೇ ಕಲಸಿಸಿದ್ರು, ಹಳೇ ಗೋಡೆಗೆ ಸಿಮೆಂಟ್ ಬಳಿದ್ರೆ ತೇವ ಆಚೆ ಹೋಗಕ್ಕಾಗ್ದೆ ಒಳಗಿನ ಇಟ್ಟಿಗೆನೇ ಉದುರತ್ತೆ ಅಂತ ಒಂದು ಕಡೆ ಕೆರೆದು ತೋರ್ಸಿದ್ರು. ಗ್ಲೌಸ್ ಮಾತ್ರ ಕೊಡ್ಲಿಲ್ಲ, ಬೆರಳೆಲ್ಲಾ ಉರಿ. ಊಟ ಸುಮಾರು. ಈ ಫೀಲ್ಡಲ್ಲಿ ಸಂಬಳ ಎಷ್ಟು ಅಂದ್ರೆ ಆಯೋಜಕರು ನಕ್ಕು ಜಾರ್ಕೊಂಡ್ರು! ನಾಲ್ಕು ಸ್ಟಾರ್, ಅದೂ ಮೇಸ್ತ್ರಿಗೆ.